ಮಳೆಯಲ್ಲಿ ಸೂರು ಹುಡುಕುವ ಕ್ಯಾಮೆರಾ

ಬೆಂಗಳೂರಿನ ಮಳೆಗೆ ಆಫೀಸು ಬಿಡುವ ಹೊತ್ತು ಚೆನ್ನಾಗಿ ಗೊತ್ತು. ಬೆಳಿಗ್ಗೆಯೆಲ್ಲ ಬಿಸಿಲು ಕಾಯಿಸಿ, ಮಧ್ಯಾಹ್ನ ಮೂರಕ್ಕೆ ಮೋಡ ಕವಿಸಿ, ಐದೂವರೆಗೆ ಒಮ್ಮೆ ಗುಡುಗಿ, ಸರಿಯಾಗಿ ಜನ ರಸ್ತೆಗಿಳಿಯುವಾಗ ಸುರಿಯುತ್ತದೆ. ಬೈಯುವುದಕ್ಕೆ ಒಳ್ಳೆಯ ನೆಪವೇ ಸರಿ, ಆದರೆ ಇದರ ಹಿಂದೆ ಹವಾಮಾನದ ಕಾರಣವಿದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ನೆಲ ಹಗಲೆಲ್ಲ ಕಾಯುತ್ತದೆ. ಬಿಸಿಯಾದ ಗಾಳಿ ತೇವ ಹೊತ್ತು ಮೇಲೇರುತ್ತದೆ. ಹೊತ್ತು ಇಳಿಯುವಷ್ಟರಲ್ಲಿ ಗುಡುಗುಮೋಡ ಕಟ್ಟಿರುತ್ತದೆ. ಏಪ್ರಿಲ್–ಮೇ ತಿಂಗಳ ಮಳೆಗೂ ಸೆಪ್ಟೆಂಬರ್–ಅಕ್ಟೋಬರ್ ಮಳೆಗೂ ಈ ಸಂಜೆಯ ಚಾಳಿ ಇದೆ. ಜೂನ್–ಜುಲೈ ತಿಂಗಳದ್ದು ಬೇರೆ ಬಗೆ. ಪಶ್ಚಿಮ ಘಟ್ಟದಲ್ಲಿ ಸುರಿದು ಸುಸ್ತಾದ ಮೋಡ ಇಲ್ಲಿ ಜಿಟಿಜಿಟಿ ಹನಿಸಿ ಹೋಗುತ್ತದೆ. ವರ್ಷದಲ್ಲಿ ಅತಿ ಹೆಚ್ಚು ಮಳೆಯಾಗುವುದು ಸೆಪ್ಟೆಂಬರ್‌ನಲ್ಲಿ.

ಸ್ಕೂಟರ್ ಸವಾರರಿಗೆ ಶಾಪವಾದದ್ದು ಬೀದಿಯ ಫೋಟೊ ತೆಗೆಯುವವರಿಗೆ ವರ. ಅಕ್ಟೋಬರ್ ನಡುವಿಗೆ ಇಲ್ಲಿ ಸೂರ್ಯ ಮುಳುಗುವುದು ಆರು ಗಂಟೆಯ ಆಸುಪಾಸು. ಹಾಗಾಗಿ ಹಸ್ತ, ಚಿತ್ತಾ ಮಳೆಯ ದಿನಗಳಲ್ಲಿ ಮಳೆ, ಮುಸ್ಸಂಜೆ, ಅಂಗಡಿಯ ದೀಪ, ಮನೆಗೆ ಹೊರಟ ಜನ, ನಾಲ್ಕೂ ಒಂದೇ ಗಳಿಗೆಯಲ್ಲಿ ಬೀದಿಯಲ್ಲಿ ಸೇರುತ್ತವೆ. ಬೇರೆ ಊರಿನವರು ಇಂಥ ಗಳಿಗೆಗೆ ಕಾಯಬೇಕು. ಬೆಂಗಳೂರಿನಲ್ಲಿ ಬಸ್ ಇಳಿದರೆ ಸಾಕು.

ಹಾಗಿದ್ದೂ ನಾಲ್ಕು ಹನಿ ಬಿತ್ತೆಂದರೆ ಕ್ಯಾಮೆರಾ ಇರುವವರಲ್ಲಿ ಹೆಚ್ಚಿನವರು ಅದನ್ನು ಬ್ಯಾಗಿಗೆ ತುರುಕುತ್ತಾರೆ. ದೊಡ್ಡ ಕ್ಯಾಮೆರಾ, ಉದ್ದದ ಲೆನ್ಸು ಇದ್ದವರ ಮಟ್ಟಿಗೆ ಅದು ವಿವೇಕವೇ. ಜೇಬಿನಲ್ಲಿ ಹಿಡಿಸುವ ಕಾಂಪ್ಯಾಕ್ಟ್ ಕ್ಯಾಮೆರಾದವರ ಕೆಲಸ ಶುರುವಾಗುವುದೇ ಆಗ. ಅವರಿಗೆ ಹೇಳಬೇಕಾದ ಮಾತು ಒಂದೇ: ಮಳೆಯ ಫೋಟೊ ಬೇಕೆಂದರೆ ಮಳೆಯನ್ನು ಬಿಟ್ಟು ಸೂರನ್ನು ಹುಡುಕಿ. ಮಳೆ ಎಲ್ಲ ಕಡೆಯೂ ಒಂದೇ ಸಮ ಬೀಳುತ್ತದೆ. ಅಂಗಡಿ ಮುಂದಿನ ತಗಡು, ಫ್ಲೈಓವರ್ ಕೆಳಗಿನ ಜಾಗ, ಬಸ್ ಶೆಲ್ಟರ್, ಟಾರ್ಪಾಲು, ಕೊಡೆ, ತಲೆಯ ಮೇಲಿನ ಪ್ಲಾಸ್ಟಿಕ್ ಕವರು, ಇವೆಲ್ಲ ಒಬ್ಬೊಬ್ಬರಿಗೆ ಒಂದೊಂದು ಅಳತೆಯಲ್ಲಿ ಸಿಕ್ಕಿವೆ. ಊರಿನ ಕಥೆ ಇರುವುದು ಆ ಅಳತೆಯಲ್ಲಿ.

ಸುರಿವ ಮಳೆ ಫೋಟೊದಲ್ಲೇಕೆ ಕಾಣದು?

ಕಣ್ಣೆದುರು ಧೋ ಎಂದು ಸುರಿಯುವ ಮಳೆ ಫೋಟೊದಲ್ಲಿ ಮಾಯವಾಗಿರುವುದು ಹೊಸಬರಿಗೆಲ್ಲ ಆಗುವ ನಿರಾಸೆ. ಕಾರಣ ಹನಿಯಲ್ಲೇ ಇದೆ. ಬೀಳುವ ಪ್ರತಿ ಹನಿಯೂ ಒಂದು ಪುಟ್ಟ ಲೆನ್ಸು. ತನ್ನ ಹಿಂದಿರುವ ಅಗಲವಾದ ನೋಟವನ್ನು, ಅದರಲ್ಲೂ ಬಹುಪಾಲು ಆಕಾಶವನ್ನು, ತಲೆಕೆಳಗು ಮಾಡಿ ನಮ್ಮತ್ತ ಕಳಿಸುತ್ತದೆ. ಹೀಗಾಗಿ ಹನಿಯ ಹೊಳಪೂ ಆಕಾಶದ ಹೊಳಪೂ ಹೆಚ್ಚುಕಡಿಮೆ ಒಂದೇ. ಹಿನ್ನೆಲೆಯಲ್ಲಿ ಬಿಳಿಚಿದ ಮೋಡವೇ ಇದ್ದರೆ ಬಿಳಿಯ ಮೇಲೆ ಬಿಳಿ, ಏನೂ ಕಾಣುವುದಿಲ್ಲ. ಅದೇ ಹನಿಯ ಹಿಂದೆ ಮಳೆಮರದ ಕಪ್ಪು ಬೊಡ್ಡೆ, ತೆರೆದ ಬಾಗಿಲಿನ ಕತ್ತಲೆ ಅಥವಾ ನೀಲಿ ಟಾರ್ಪಾಲು ಬಂದರೆ ಗೆರೆಗೆರೆಯಾಗಿ ಮೂಡುತ್ತದೆ. ಹಿಂಬದಿಯಿಂದ ದೀಪ ಬಿದ್ದರಂತೂ ಮಳೆ ಎದ್ದು ನಿಲ್ಲುತ್ತದೆ. ಬೀದಿದೀಪದ ಸುತ್ತ ಮಾತ್ರ ಜೋರಾಗಿ ಸುರಿಯುತ್ತಿದೆ ಎನಿಸುವುದು ಇದೇ ಕಾರಣಕ್ಕೆ.

ಎರಡನೆಯ ಲೆಕ್ಕ ಶಟರ್ ವೇಗದ್ದು. 2 ಮಿ.ಮೀ. ದಪ್ಪದ ಹನಿ ನೆಲದ ಹತ್ತಿರ ಬರುವಾಗ ಸೆಕೆಂಡಿಗೆ ಸುಮಾರು ಆರೂವರೆ ಮೀಟರ್ ವೇಗದಲ್ಲಿರುತ್ತದೆ. ಶಟರ್ 1/60 ಸೆಕೆಂಡು ತೆರೆದಿದ್ದರೆ ಅಷ್ಟರಲ್ಲಿ ಹನಿ ಹನ್ನೊಂದು ಸೆಂ.ಮೀ. ಇಳಿದು, ಚಿತ್ರದಲ್ಲಿ ತೆಳುವಾದ ಮಂಜಿನ ಗೆರೆಯಾಗುತ್ತದೆ. 1/1000 ಸೆಕೆಂಡಿನಲ್ಲಿ ಇಳಿಯುವುದು ಆರೇಳು ಮಿ.ಮೀ. ಮಾತ್ರ, ಆಗ ಮಳೆಯ ಬದಲು ಧೂಳಿನ ಚುಕ್ಕೆಗಳಂತೆ ಕಾಣುತ್ತದೆ. ಮಳೆ ಮಳೆಯಾಗಿಯೇ ಕಾಣುವುದು ಇವೆರಡರ ನಡುವೆ, 1/125ರಿಂದ 1/250ರ ಆಸುಪಾಸಿನಲ್ಲಿ. ಅಲ್ಲಿ ಗೆರೆಯ ಉದ್ದ ಎರಡೂವರೆಯಿಂದ ಐದು ಸೆಂ.ಮೀ. ಅವಸರದಲ್ಲಿ ನಡೆಯುವವರ ಮುಖವೂ ಈ ವೇಗದಲ್ಲಿ ಅಷ್ಟಾಗಿ ಕದಡುವುದಿಲ್ಲ. ಸೋನೆಮಳೆಯ ಹನಿ ಸಣ್ಣದು, ಇಳಿಯುವುದೂ ನಿಧಾನ. ಅದನ್ನು ಗೆರೆಯಾಗಿ ಹಿಡಿಯಲು ಹೋಗುವುದು ದಂಡ. ನೆನೆದ ಕೂದಲಲ್ಲಿ, ಕನ್ನಡಕದ ಗಾಜಿನಲ್ಲಿ, ಸ್ಕೂಟರ್ ಸೀಟಿನ ಮೇಲೆ ಅದು ತಾನಾಗಿ ಕಾಣಿಸಿಕೊಳ್ಳುತ್ತದೆ.

ಕಾಂಪ್ಯಾಕ್ಟ್ ಕ್ಯಾಮೆರಾದ ಫ್ಲ್ಯಾಷ್ ಲೆನ್ಸಿನ ಪಕ್ಕದಲ್ಲೇ ಇರುತ್ತದೆ. ಮಳೆಯಲ್ಲಿ ಅದನ್ನು ಹಾಕಿದರೆ ಲೆನ್ಸಿಗೆ ತೀರಾ ಹತ್ತಿರದ ಹನಿಗಳು ಬೆಳಕನ್ನು ನೇರ ಹಿಂದಕ್ಕೆ ಎಸೆದು, ಚಿತ್ರದ ತುಂಬ ಬಿಳಿಯ ಗುಂಡುಗಳು ತೇಲುತ್ತವೆ. ಇದನ್ನು ದೋಷ ಎನ್ನುವವರೂ ಇದ್ದಾರೆ, ಬೇಕೆಂದೇ ಮಾಡುವವರೂ ಇದ್ದಾರೆ. ಒಬ್ಬರ ಮುಖಕ್ಕೆ ಎದುರಿನಿಂದ ಫ್ಲ್ಯಾಷ್ ಹೊಡೆಯುವುದು ಮಾತ್ರ ಮಳೆಯಿರಲಿ ಬಿಸಿಲಿರಲಿ ಒರಟುತನವೇ. ಅದಕ್ಕಿಂತ ಎದುರಿಂದ ಬರುವ ಆಟೊದ ಹೆಡ್‌ಲೈಟಿಗೆ ಕಾಯುವುದು ಮೇಲು. ದುಡ್ಡಿಲ್ಲದೆ ಸಿಗುವ ಹಿಂಬೆಳಕು ಅದು, ನಿಮಿಷಕ್ಕೆ ಹತ್ತು ಬರುತ್ತವೆ.

ಒಂದು ಕೈಗೆ ಕೊಡೆ, ಇನ್ನೊಂದಕ್ಕೆ ಕ್ಯಾಮೆರಾ

ಮಳೆಯಲ್ಲಿ ನಡೆಯುವವರಿಗೆ ಇರುವುದು ಒಂದೇ ಕೈ. ಇನ್ನೊಂದು ಕೊಡೆಗೆ ಹೋಯಿತು. ಕಾಂಪ್ಯಾಕ್ಟ್ ಕ್ಯಾಮೆರಾದ ದೊಡ್ಡ ಗುಣ ಇಲ್ಲಿಂದಲೇ ಶುರು. ಮಣಿಕಟ್ಟಿಗೆ ಪಟ್ಟಿ ಹಾಕಿಕೊಂಡರೆ ಅದು ಅಂಗೈಯಲ್ಲೇ ಇರುತ್ತದೆ. ತೆಗೆಯುವುದು, ಒತ್ತುವುದು, ಮತ್ತೆ ಜೇಬಿಗಿಳಿಸುವುದು ಎಲ್ಲವೂ ಒಂದೇ ಕೈಯ ಕೆಲಸ. ಶಟರ್ ಲೆನ್ಸಿನೊಳಗೇ ಇರುವ ರಿಕೊ ಜಿಆರ್, ಫ್ಯೂಜಿಫಿಲ್ಮ್ ಎಕ್ಸ್‌100 ಬಗೆಯ ಕ್ಯಾಮೆರಾಗಳ ಸದ್ದು ಮಳೆಯ ಸದ್ದಿನಲ್ಲಿ ಕೇಳಿಸುವುದೂ ಇಲ್ಲ.

ಮೊಬೈಲ್ ಸಾಲದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಈಗಿನ ಒಳ್ಳೆಯ ಫೋನುಗಳು ನೀರನ್ನೂ ತಡೆಯುತ್ತವೆ, ಚಿತ್ರವನ್ನೂ ಚೆನ್ನಾಗಿ ಕೊಡುತ್ತವೆ. ಅವು ಸೋಲುವುದು ಪರದೆಯಲ್ಲಿ. ಗಾಜಿನ ಮೇಲೆ ನಾಲ್ಕು ಹನಿ ಬಿದ್ದರೆ ಬೆರಳು ಯಾವುದು, ಹನಿ ಯಾವುದು ಎಂದು ಫೋನಿಗೆ ತಿಳಿಯದೆ ಎಲ್ಲೋ ಒತ್ತಿದ್ದು ಇನ್ನೆಲ್ಲೋ ತೆರೆದುಕೊಳ್ಳುತ್ತದೆ. ಕ್ಯಾಮೆರಾದ ಗುಂಡಿ ಒದ್ದೆ ಬೆರಳಿಗೂ ಒತ್ತುತ್ತದೆ. ಮತ್ತೊಂದು ಸಂಗತಿ, ಬೆಂಗಳೂರಿನ ಬೀದಿಯಲ್ಲಿ ಫೋನ್ ಎತ್ತಿ ಹಿಡಿದವರನ್ನು ಕಂಡರೆ ವ್ಯಾಪಾರಿಗಳು ಪ್ಲಾಸ್ಟಿಕ್ ಕವರು ಹಾಕಿದ ಕ್ಯೂಆರ್ ಕೋಡ್ ಬೋರ್ಡನ್ನು ಮುಂದಕ್ಕೆ ತಿರುಗಿಸುತ್ತಾರೆ. ಕ್ಯಾಮೆರಾ ಹಿಡಿದವರ ಉದ್ದೇಶ ಎಲ್ಲರಿಗೂ ಮೊದಲೇ ಗೊತ್ತಾಗುತ್ತದೆ. ಬೀದಿಯಲ್ಲಿ ಅದೇ ಒಂದು ಮರ್ಯಾದೆ.

ಮಳೆಯಲ್ಲಿ ಆಟೊಫೋಕಸ್ ತಡವರಿಸುವುದು ಸಾಮಾನ್ಯ. ಕಿಟಕಿ ಗಾಜಿನ ಹನಿಯನ್ನೋ, ಎದುರು ಹಾದ ಕೊಡೆಯ ಕಡ್ಡಿಯನ್ನೋ ಹಿಡಿದುಕೊಂಡು, ಅದರಾಚೆ ನಿಂತವರನ್ನು ಬಿಟ್ಟುಬಿಡುತ್ತದೆ. ಹಳೆಯ ಬೀದಿ ಫೋಟೊಗ್ರಾಫರುಗಳು ಹಿಡಿದ ದಾರಿ ಇಲ್ಲಿ ಕೆಲಸಕ್ಕೆ ಬರುತ್ತದೆ: ದೂರವನ್ನು ಮೊದಲೇ ಗೊತ್ತುಮಾಡಿ ಫೋಕಸ್ಸನ್ನು ಅಲ್ಲಿಗೆ ಕಟ್ಟಿಹಾಕುವುದು. ರಿಕೊ ಜಿಆರ್ ಸರಣಿಯಲ್ಲಿ ಇದಕ್ಕೆಂದೇ ‘ಸ್ನ್ಯಾಪ್ ಫೋಕಸ್’ ಎಂಬ ಏರ್ಪಾಡಿದೆ. ಅದರ 28 ಮಿ.ಮೀ. ನೋಟದ ಲೆನ್ಸನ್ನು ಎಫ್8ಕ್ಕೆ ಇಟ್ಟು, ಫೋಕಸ್ಸನ್ನು ಎರಡೂವರೆ ಮೀಟರಿಗೆ ಕಟ್ಟಿದರೆ, ಒಂದು ಮೀಟರಿಗೆ ತುಸು ಆಚೆಯಿಂದ ರಸ್ತೆಯ ಆ ತುದಿಯವರೆಗೆ ಎಲ್ಲವೂ ಸ್ಪಷ್ಟ. ಕತ್ತಲಾಗಿ ಲೆನ್ಸನ್ನು ಎಫ್2.8ಕ್ಕೆ ಪೂರ್ತಿ ತೆರೆಯಬೇಕಾಗಿ ಬಂದಾಗ ಆ ಪಟ್ಟಿ ಕುಗ್ಗಿ ಸುಮಾರು 1.8 ಮೀಟರಿನಿಂದ ನಾಲ್ಕು ಮೀಟರಿಗೆ ಬಂದು ನಿಲ್ಲುತ್ತದೆ. ಅಂಗಡಿ ಮುಂದಿನ ತಗಡಿನಡಿ ಸೇರಿದ ಗುಂಪಿಗೆ ಅಷ್ಟೇ ಸಾಕು.

ಚಿಕ್ಕದಕ್ಕೆ ಅದರದೇ ದೌರ್ಬಲ್ಯವೂ ಇದೆ. 2012ರಲ್ಲಿ ಬಂದ ಸೋನಿ ಆರ್‌ಎಕ್ಸ್‌100 ಮತ್ತು ಅದರ ನಂತರದ ಹಲವು ಜೇಬುಕ್ಯಾಮೆರಾಗಳಲ್ಲಿ ಇರುವುದು ‘1 ಇಂಚು’ ಎಂದು ಕರೆಯುವ ಸೆನ್ಸರ್. ಅಳತೆ 13.2 × 8.8 ಮಿ.ಮೀ. ಫುಲ್ ಫ್ರೇಮ್ ಸೆನ್ಸರಿನ ಏಳನೆಯ ಒಂದು ಭಾಗದಷ್ಟು ಜಾಗ. ಸಂಜೆಯ ಬೆಳಕಿನಲ್ಲಿ ಅಂಗಡಿ ಸಾಲಿನ ಚಿತ್ರಕ್ಕೆ ಎಫ್2.8, 1/125 ಸೆಕೆಂಡು ಬೇಕೆಂದರೆ ಐಎಸ್‌ಒ 1600 ಅಥವಾ 3200 ದಾಟಬೇಕಾಗುತ್ತದೆ. ಸಣ್ಣ ಸೆನ್ಸರಿನಲ್ಲಿ ಆಗ ಕಾಳುಕಾಳು ಎದ್ದು ಕಾಣುತ್ತದೆ. ಮಳೆಯ ಚಿತ್ರಕ್ಕೆ ಅದು ಅಷ್ಟೇನೂ ಕೆಡುಕಲ್ಲ. ಒಸಾಕಾದಲ್ಲಿ ಹುಟ್ಟಿದ ಜಪಾನಿನ ಡೈಡೊ ಮೊರಿಯಾಮಾ ದಶಕಗಳಿಂದ ಜೇಬುಕ್ಯಾಮೆರಾ ಹಿಡಿದು, ಕಪ್ಪುಬಿಳುಪಿನ ಒರಟು ಕಾಳುಗಳಲ್ಲೇ ಟೋಕಿಯೊದ ಗಲ್ಲಿಗಳನ್ನು ತೋರಿಸಿದವರು. ಕಾಳಿಗೆ ಹೆದರಿ ಶಟರ್ ನಿಧಾನ ಮಾಡಿ ಮುಖ ಕದಡಿಸುವುದಕ್ಕಿಂತ ಕಾಳನ್ನು ಒಪ್ಪಿಕೊಳ್ಳುವುದು ಲೇಸು.

ರಸ್ತೆಯ ಮೇಲಿನ ಇನ್ನೊಂದು ಬೀದಿ

ಒಣ ಡಾಂಬರು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸಿ ಬೂದುಬಣ್ಣಕ್ಕೆ ಕಾಣುತ್ತದೆ. ನೆನೆದಾಗ ನೀರಿನ ತೆಳುಪದರ ಅದರ ಒರಟನ್ನು ಮುಚ್ಚಿ, ನೆಲ ಕಪ್ಪಾಗಿ, ಮೇಲ್ಮೈ ಮಾತ್ರ ಹೊಳೆಯುತ್ತದೆ. ಎಷ್ಟು ಹೊಳೆಯುತ್ತದೆ ಎಂಬುದು ನಾವು ನೋಡುವ ಕೋನದ ಮೇಲೆ ನಿಂತಿದೆ. ನಿಂತ ನೀರನ್ನು ನೇರ ಮೇಲಿನಿಂದ ನೋಡಿದರೆ ಅದು ಹಿಂದಿರುಗಿಸುವ ಬೆಳಕು ನೂರರಲ್ಲಿ ಎರಡೇ ಪಾಲು. ನೆಲಕ್ಕೆ ಹತ್ತು ಡಿಗ್ರಿಯಷ್ಟು ಬಗ್ಗಿ ನೋಡಿದರೆ ಅದು ಮೂರನೇ ಒಂದು ಪಾಲಿಗೇರುತ್ತದೆ. ನಿಂತು ನೋಡಿದವರಿಗೆ ಕೆಸರಾಗಿ ಕಂಡ ಗುಂಡಿಯಲ್ಲಿ, ಕುಕ್ಕರುಗಾಲಿನಲ್ಲಿ ಕೂತವರಿಗೆ ಮೂರಂತಸ್ತಿನ ಬಟ್ಟೆ ಅಂಗಡಿಯೇ ಕಾಣುವುದು ಹೀಗೆ. ಕಾಂಪ್ಯಾಕ್ಟನ್ನು ತಲೆಕೆಳಗು ಹಿಡಿದರೆ ಲೆನ್ಸು ನೀರಿಗೆ ನಾಲ್ಕು ಬೆರಳು ಸಮೀಪ ಬರುತ್ತದೆ. ದೊಡ್ಡ ಕ್ಯಾಮೆರಾಗೆ ಅದಾಗದು. ಬೆಂಗಳೂರಿನಲ್ಲಿ ರಸ್ತೆಗುಂಡಿಗೆ ಬರವಿಲ್ಲ. ಪಾಲಿಕೆಯ ಮೇಲೆ ಇಷ್ಟಾದರೂ ಕೃತಜ್ಞತೆ ಇರಲಿ.

1905ರಲ್ಲಿ ಶಿವನಸಮುದ್ರದ ಜಲವಿದ್ಯುತ್ತಿನಿಂದ ಈ ಊರಿನ ಬೀದಿದೀಪ ಬೆಳಗಿತು. ಅಂದಿನಿಂದ ದೀಪದ ಬಗೆ ಬದಲಾದಂತೆಲ್ಲ ಮಳೆಯ ಬಣ್ಣವೂ ಬದಲಾಗಿದೆ. ಸೋಡಿಯಂ ದೀಪದ ಕೆಳಗೆ ಇಡೀ ರಸ್ತೆ ಒಂದೇ ಕಿತ್ತಳೆ ಬಣ್ಣ. ಕೆಂಪು ಸೀರೆಯೂ ಹಸಿರು ಸೀರೆಯೂ ಅಲ್ಲಿ ಕಂದು. ಎಲ್‌ಇಡಿ ಬಂದ ಬೀದಿಯಲ್ಲಿ ಬಣ್ಣಗಳು ಬೇರೆಬೇರೆಯಾಗಿ ಉಳಿದರೂ ನೆರಳು ಕಟುವಾಗಿ, ಒದ್ದೆ ನೆಲ ನೀಲಿಗೆ ತಿರುಗುತ್ತದೆ. ಎರಡೂ ಬೆರೆತ ರಸ್ತೆಗಳು ಇನ್ನೂ ಇವೆ. ಮೆಡಿಕಲ್ ಶಾಪಿನ ಹಸಿರು ಪ್ಲಸ್ ಗುರುತು, ಬೇಕರಿಯ ಹಳದಿ, ಸಿಗ್ನಲ್ಲಿನ ಕೆಂಪು ಅವುಗಳ ಜೊತೆ ಸೇರುತ್ತವೆ. ವೈಟ್ ಬ್ಯಾಲೆನ್ಸನ್ನು ಆಟೊದಲ್ಲಿ ಬಿಟ್ಟರೆ ಕ್ಯಾಮೆರಾ ಇದನ್ನೆಲ್ಲ ‘ಸರಿಪಡಿಸಲು’ ಹೋಗಿ ಪ್ರತಿ ಚಿತ್ರವನ್ನೂ ಬೇರೆ ಬಣ್ಣಕ್ಕೆ ತರುತ್ತದೆ. ‘ಡೇಲೈಟ್’ಗೆ ಕಟ್ಟಿಹಾಕಿದರೆ ಸಂಜೆಯಿಡೀ ಒಂದೇ ಹದ ಸಿಗುತ್ತದೆ. ದೀಪಗಳು ಉರಿದು ಬೆಳ್ಳಗಾಗದಂತೆ ಎಕ್ಸ್‌ಪೋಷರನ್ನು ಒಂದು ಸ್ಟಾಪ್‌ವರೆಗೆ ಇಳಿಸಬೇಕು. ಮಳೆಯ ಸಂಜೆಯಲ್ಲಿ ಕಪ್ಪು ಕಪ್ಪಾಗಿದ್ದರೇ ಚೆಂದ.

ಜಾಗದ ಆಯ್ಕೆಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ಚರ್ಚ್ ಸ್ಟ್ರೀಟಿನ ಕಲ್ಲುಹಾಸು ಬೋರ್ಡುಗಳ ಬೆಳಕನ್ನು ಚೂರುಚೂರು ಮಾಡಿ ಹರಡುತ್ತದೆ. ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಕೊಡೆಗಳು ಒಂದಕ್ಕೊಂದು ತಾಗದೆ ಸಾಗುವುದೇ ಇಲ್ಲ. ಚಿಕ್ಕಪೇಟೆ, ಅವೆನ್ಯೂ ರಸ್ತೆಗಳ ಇಕ್ಕಟ್ಟಿನಲ್ಲಿ ಎರಡೂ ಬದಿಯ ಟಾರ್ಪಾಲು ನಡುವೆ ಒಂದು ಗೇಣು ಆಕಾಶ ಉಳಿದು, ಅಲ್ಲಿಂದ ಮಾತ್ರ ಮಳೆ ಇಳಿಯುತ್ತದೆ. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಬಸ್ಸಿನ ಆವಿಗಟ್ಟಿದ ಕಿಟಕಿಗಳೇ ಒಂದು ಪ್ರದರ್ಶನ.

ಟಾರ್ಪಾಲಿನ ಕೆಳಗೆ

ಒಂದೇ ಜಾಗ ಹೇಳಿ ಎಂದರೆ ಕೆ.ಆರ್. ಮಾರ್ಕೆಟ್. ಟೌನ್‌ಹಾಲ್ ಕಡೆಯಿಂದ ಮೈಸೂರು ರಸ್ತೆಗೆ ಹೋಗುವ ಫ್ಲೈಓವರ್ ಅದರ ಮುಂದೆಯೇ ಹಾದುಹೋಗುತ್ತದೆ. ಮಳೆ ಬಂದಾಗ ಊರಿನ ದೊಡ್ಡ ಸೂರುಗಳಲ್ಲಿ ಅದೂ ಒಂದು. ಬೈಕಿನವರು ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆಯದೆ ಸಾಲಾಗಿ ನಿಲ್ಲುತ್ತಾರೆ. ಅವರ ಹಿಂದೆ ತಳ್ಳುಗಾಡಿಯವರು, ಬಸ್ಸಿಗೆ ಕಾದವರು, ತಲೆಯ ಮೇಲೆ ಮೂಟೆ ಹೊತ್ತ ಕೂಲಿಗಳು. ಟ್ರಾಫಿಕ್ ಪೊಲೀಸರು ಸೀಟಿ ಊದುತ್ತ ‘ಮುಂದೆ ಹೋಗ್ರಿ, ಮುಂದೆ ಹೋಗ್ರಿ’ ಅನ್ನುತ್ತಿರುತ್ತಾರೆ. ಯಾರೂ ಕದಲುವುದಿಲ್ಲ. ಕೊನೆಗೆ ಅವರೂ ಟೋಪಿ ಒರೆಸಿಕೊಂಡು ಕಂಬದ ಪಕ್ಕ ಸರಿಯುತ್ತಾರೆ.

ಮಾರ್ಕೆಟಿನ ಅಂಚಿನಲ್ಲಿ ಬಿಡಿ ಹೂವಿನ ಅಂಗಡಿಗಳು. ನಾಲ್ಕು ಗಳು, ಒಂದು ನೀಲಿ ಟಾರ್ಪಾಲು, ನಡುವೆ ಇಳಿಬಿದ್ದ ಒಂದು ಬಲ್ಬು. ಜಡಿಮಳೆ ಹಿಡಿದರೆ ಟಾರ್ಪಾಲಿನ ಹೊಟ್ಟೆಯಲ್ಲಿ ನೀರು ತುಂಬುತ್ತ, ಕೆಳಗಿನವರ ತಲೆಗೆ ತಾಗುವಷ್ಟು ಜೋಲುತ್ತದೆ. ಒಬ್ಬರು ಕೋಲು ತೆಗೆದುಕೊಂಡು ಒಳಗಿನಿಂದ ಅದನ್ನು ಮೇಲಕ್ಕೆ ನೂಕಬೇಕು. ಹೊಸಬರಾದರೆ ನಡುವಿಗೇ ನೂಕುತ್ತಾರೆ. ನೀರು ನಾಲ್ಕೂ ಕಡೆ ಹಾರಿ ಸೇವಂತಿಗೆಯ ರಾಶಿಯ ಮೇಲೇ ಬೀಳುತ್ತದೆ. ಬಲ್ಲವರು ಮೊದಲು ರಸ್ತೆಯ ಕಡೆ ಒಮ್ಮೆ ನೋಡಿ, ‘ನೀರು, ನೀರು’ ಎಂದು ಕೂಗಿ, ಅಂಚಿಗೆ ಹತ್ತಿರವಾಗಿ ಕೋಲಿಟ್ಟು ಮೆಲ್ಲಗೆ ಎತ್ತುತ್ತಾರೆ. ಒಂದು ಬಕೆಟ್ ನೀರು ಹಾಳೆಯಾಗಿ ಜಾರುತ್ತದೆ. ಬಲ್ಬಿನ ಬೆಳಕು ಹಿಂದಿನಿಂದ ಬೀಳುವುದರಿಂದ ಆ ಹಾಳೆ ಹೊಳೆದು ಮಾಯವಾಗಲು ಅರೆಗಳಿಗೆ ಸಾಕು. ದಾರಿಹೋಕರು ಹಿಂದಕ್ಕೆ ಜಿಗಿಯುತ್ತಾರೆ, ಒಂದು ಕೊಡೆ ತಿರುಗುತ್ತದೆ.

ಈ ಚಿತ್ರಕ್ಕೆ ಓಡಬೇಕಿಲ್ಲ. ಕೋಲು ಕೈಗೆ ಬಂದಾಗಲೇ ಮುಂದಿನದೆಲ್ಲ ಗೊತ್ತಾಗಿರುತ್ತದೆ. ಫೋಕಸ್ ಎರಡೂವರೆ ಮೀಟರಿಗೆ, ಶಟರ್ 1/250ಕ್ಕೆ, ನಿಲ್ಲುವುದು ಎದುರಂಗಡಿಯ ಸೂರಿನಡಿ. ಕ್ಯಾಮೆರಾ ಹಿಡಿದು ಅಲ್ಲಿ ನಿಲ್ಲಬೇಕೆಂದರೆ ಆ ಅಂಗಡಿಯವರನ್ನು ಒಂದು ಮಾತು ಕೇಳಬೇಕು. ಹೂವಿನ ಅಂಗಡಿಯ ಅಜ್ಜಿಯೊಬ್ಬರನ್ನು ‘ಅಮ್ಮಾ, ಒಂದು ಫೋಟೊ ತಗೊಳ್ಳಲಾ?’ ಎಂದು ಕೇಳಿದ್ದಕ್ಕೆ, ‘ನನ್ನದೇನ್ ತೆಗೀತೀಯಪ್ಪ, ಈ ಕಡೆ ಬಾ, ಮೊದ್ಲು ಆ ಗಳು ಹಿಡ್ಕೊ’ ಎಂದರು. ಗಾಳಿಗೆ ಟಾರ್ಪಾಲು ಕಿತ್ತುಕೊಂಡು ಹೋಗುತ್ತಿತ್ತು. ಕ್ಯಾಮೆರಾ ಜೇಬಿಗೆ ಹೋಯಿತು, ಕೈಗೆ ಗಳು ಬಂತು. ಹಾಗೆ ಒಮ್ಮೆ ಸೂರಿನ ಕೆಳಗೆ ಸೇರಿಕೊಂಡ ಮೇಲೆ ಆಚೆಯಿಂದ ಕಾಣದ್ದೆಲ್ಲ ಕಾಣತೊಡಗುತ್ತದೆ: ಮೊಳ ಹಾಕುವ ಕೈ, ನೆನೆದ ನೋಟುಗಳನ್ನು ಬಲ್ಬಿನ ಶಾಖಕ್ಕೆ ಹಿಡಿಯುವುದು, ಗೋಣಿಚೀಲ ಮಡಿಸಿ ಕೊಪ್ಪೆ ಮಾಡಿಕೊಂಡ ಹುಡುಗ. ದೊಡ್ಡ ಕ್ಯಾಮೆರಾ ಕೊರಳಲ್ಲಿ ತೂಗುತ್ತಿದ್ದರೆ ಗಳು ಹಿಡಿಯಲು ಯಾರೂ ಕರೆಯುತ್ತಿರಲಿಲ್ಲ.

ಮಳೆಯನ್ನು ಕಂಡವರು, ಕಟ್ಟಿದವರು

ಸಣ್ಣ ಕ್ಯಾಮೆರಾಗೂ ಒದ್ದೆ ಬೀದಿಗೂ ನಂಟು ಹಳೆಯದು. 1925ರಲ್ಲಿ ಮಾರಾಟಕ್ಕೆ ಬಂದ ಲೈಕಾ ಅಂದಿನ ಕಾಲಕ್ಕೆ ಜೇಬುಕ್ಯಾಮೆರಾವೇ. ಅದನ್ನು ಹಿಡಿದ ಹೆನ್ರಿ ಕಾರ್ಟಿಯೆ ಬ್ರೆಸನ್ 1932ರಲ್ಲಿ ಪ್ಯಾರಿಸಿನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂದೆ, ನಿಂತ ನೀರಿನ ಮೇಲೆ ಹಾರುತ್ತಿದ್ದ ಮನುಷ್ಯನನ್ನು ಹಲಗೆ ಬೇಲಿಯ ಸಂದಿನಿಂದ ತೆಗೆದ ಚಿತ್ರ ಬೀದಿ ಛಾಯಾಗ್ರಹಣದ ಮೊದಲ ಪಾಠವೆಂಬಷ್ಟು ಪ್ರಸಿದ್ಧ. ಹಾರಿದವನ ಹಿಮ್ಮಡಿ ನೀರಿಗೆ ಇನ್ನೂ ತಾಗಿಲ್ಲ.

ನ್ಯೂಯಾರ್ಕಿನ ಸಾಲ್ ಲೀಟರ್ ಮಳೆಯಲ್ಲಿ ನೆನೆದದ್ದಕ್ಕಿಂತ ಒಳಗೆ ನಿಂತು ನೋಡಿದ್ದೇ ಹೆಚ್ಚು. ಆವಿಗಟ್ಟಿದ ಕಿಟಕಿ, ಹನಿ ಇಳಿಯುವ ಗಾಜು, ಅದರಾಚೆ ಮಸುಕಾದ ಒಂದು ಕೆಂಪು ಕೊಡೆ. ಹೆಚ್ಚಿನ ಚಿತ್ರಗಳು ತಾನಿದ್ದ ಬಡಾವಣೆಯ ನಾಲ್ಕು ಬೀದಿಗಳವು. 1950ರ ದಶಕದಲ್ಲೇ ಬಣ್ಣದಲ್ಲಿ ತೆಗೆದ ಈ ಚಿತ್ರಗಳು ಜಗತ್ತಿನ ಗಮನಕ್ಕೆ ಬಂದದ್ದು 2006ರಲ್ಲಿ ‘ಅರ್ಲಿ ಕಲರ್’ ಪುಸ್ತಕ ಹೊರಬಂದ ಮೇಲೆ. ಅವರು ಹುಟ್ಟಿದ್ದು 1923ರ ಡಿಸೆಂಬರ್‌ನಲ್ಲಿ. ಅದೇ ತಿಂಗಳು ಮೈಸೂರಿನಲ್ಲಿ ಹುಟ್ಟಿದವರು ನಮ್ಮ ಟಿ.ಎಸ್. ಸತ್ಯನ್. ದೇಶವಿಡೀ ಸುತ್ತಿ ಸಾಮಾನ್ಯ ಜನರ, ಅದರಲ್ಲೂ ಮಕ್ಕಳ ದಿನದಿನದ ಬದುಕನ್ನು ಕಪ್ಪುಬಿಳುಪಿನಲ್ಲಿ ದಾಖಲಿಸಿದ ಸತ್ಯನ್, ಬೀದಿಯವರೊಡನೆ ಮಾತಿಗೆ ನಿಂತು ಚಿತ್ರ ತೆಗೆದ ಪರಂಪರೆಗೆ ಸೇರಿದವರು. ಒಬ್ಬರು ಗಾಜಿನ ಹಿಂದೆ, ಒಬ್ಬರು ಜನರ ನಡುವೆ. ಮಳೆಯ ದಿನ ಬೀದಿಗಿಳಿದವರು ಈ ಎರಡರಲ್ಲಿ ಒಂದು ಕಡೆ ನಿಲ್ಲಲೇಬೇಕು.

ಮಳೆಯನ್ನು ಕಟ್ಟಿ ತೋರಿಸಿದವರೂ ಉಂಟು. ನ್ಯೂಜಿಲೆಂಡಿನ ಬ್ರಯನ್ ಬ್ರೇಕ್ ಭಾರತದ ಮುಂಗಾರಿನ ಮೇಲೆ ಮಾಡಿದ ಚಿತ್ರಮಾಲೆ 1961ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಬಂತು. ಮುಖವೆತ್ತಿ ಹನಿಗಳನ್ನು ಸವಿಯುವ ಹುಡುಗಿಯ ಚಿತ್ರ ಅದರಲ್ಲಿ ಎಲ್ಲಕ್ಕಿಂತ ಹೆಸರಾಯಿತು. ಆ ಹುಡುಗಿ ಮುಂದೆ ನಟಿ, ನಿರ್ದೇಶಕಿಯಾದ ಅಪರ್ಣಾ ಸೆನ್. ಜಾಗ ಕೋಲ್ಕತ್ತದ ಒಂದು ತಾರಸಿ, ‘ಮಳೆ’ ಬಂದದ್ದು ಗಿಡಕ್ಕೆ ನೀರು ಹಾಕುವ ಪಾತ್ರೆಯಿಂದ. ಚಿತ್ರ ಚೆಲುವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಳೆ ಎಂದರೆ ಮುಖವೆತ್ತಿ ಸವಿಯುವ ಸುಖ ಎಂಬ ಕಲ್ಪನೆಗೆ ತಾರಸಿ ಬೇಕು, ಬದಲಿ ಬಟ್ಟೆ ಬೇಕು. 1983ರಲ್ಲಿ ಸ್ಟೀವ್ ಮೆಕರಿ ಗುಜರಾತಿನ ಪೋರಬಂದರಿನಲ್ಲಿ ತೆಗೆದ ಇನ್ನೊಂದು ಪ್ರಸಿದ್ಧ ಚಿತ್ರದಲ್ಲಿ ಮುದುಕ ದರ್ಜಿಯೊಬ್ಬ ಕತ್ತಿನವರೆಗಿನ ನೆರೆನೀರಲ್ಲಿ ಹೊಲಿಗೆ ಯಂತ್ರವನ್ನು ಹೆಗಲಿಗೇರಿಸಿ ಸಾಗುತ್ತಿದ್ದಾನೆ. ಬೀದಿಯ ಮಳೆ ಈ ಎರಡನೆಯ ಚಿತ್ರಕ್ಕೇ ಹತ್ತಿರ.

ನೀರಿಗಿಂತ ಆವಿಗೆ ಹೆದರಬೇಕು

ಕಾಂಪ್ಯಾಕ್ಟ್‌ಗಳಲ್ಲಿ ನೀರು ತಡೆಯುವಂಥವು ಕಡಿಮೆ. ಜಿಆರ್ ಸರಣಿಗೆ ಅಂಥ ರಕ್ಷಣೆಯಿಲ್ಲ. ಎಕ್ಸ್‌100ವಿ ಹನಿ ತಡೆಯಬೇಕಾದರೆ ಲೆನ್ಸಿನ ಮುಂದೆ ಅಡಾಪ್ಟರ್ ಉಂಗುರ, ಫಿಲ್ಟರ್ ಎರಡನ್ನೂ ಹಾಕಬೇಕು. ಫಿಲ್ಮ್ ಕಾಲದ ಒಲಿಂಪಸ್ ಮ್ಯೂ–2ಗೆ ತುಂತುರು ತಡೆಯುವ ಗುಣವಿತ್ತು, ಹಳೆಯ ಕ್ಯಾಮೆರಾಗಳನ್ನು ಹುಡುಕುವವರು ಇಂದಿಗೂ ಅದನ್ನು ಕೇಳಿ ಪಡೆಯುತ್ತಾರೆ. ಎಚ್ಚರ ವಹಿಸಬೇಕಾದದ್ದು ಒಳಹೊರಗೆ ಸರಿಯುವ ಲೆನ್ಸಿನ ವಿಷಯದಲ್ಲಿ. ಅದು ಚಾಚಿದ್ದಾಗ ಕೊಳವೆಯ ಮೇಲೆ ಹನಿ ನಿಂತಿದ್ದರೆ, ಆಫ್ ಮಾಡಿದೊಡನೆ ಆ ಹನಿ ಒಳಗೆ ಹೋಗುತ್ತದೆ. ಆಫ್ ಮಾಡುವ ಮುನ್ನ ಒರೆಸುವುದೇ ಇಡೀ ವಿದ್ಯೆ. ಹಳೆಯ ಹತ್ತಿ ಕರ್ಚೀಫು ಸಾಕು. ಎರಡಿರಲಿ, ಒಂದು ಕೈಗೆ, ಒಂದು ಕ್ಯಾಮೆರಾಗೆ.

ಹೆಚ್ಚು ಕಾಡುವುದು ಆವಿ. ಏಸಿ ಇರುವ ಮೆಟ್ರೊದಿಂದಲೋ ಮಾಲಿನಿಂದಲೋ ಹೊರಬಂದು ಕ್ಯಾಮೆರಾ ತೆಗೆದರೆ, ತಣ್ಣಗಿನ ಗಾಜಿನ ಮೇಲೆ ಹೊರಗಿನ ತೇವ ಕೂತು ಲೆನ್ಸು ಮಂಜಾಗುತ್ತದೆ. ಒರೆಸಿದಷ್ಟೂ ಮತ್ತೆ ಕಟ್ಟುತ್ತದೆ. ಜಿಪ್ ಇರುವ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು ಹೊರತಂದು, ಹತ್ತು ನಿಮಿಷ ಹಾಗೇ ಬಿಟ್ಟರೆ ಕ್ಯಾಮೆರಾ ಹೊರಗಿನ ಹದಕ್ಕೆ ಬರುತ್ತದೆ. ಮಂಗಳೂರು, ಕಾರವಾರದ ಕಡೆಯವರಿಗೆ ಇದು ಮಳೆಗಾಲವಿಡೀ ಇರುವ ತಲೆನೋವು. ಅಲ್ಲಿ ಇನ್ನೊಂದು ಕಾಟ ಬೂಷ್ಟು. ಗಾಳಿಯ ತೇವಾಂಶ ದಿನಗಟ್ಟಲೆ ಮೇಲಿದ್ದರೆ ಲೆನ್ಸಿನೊಳಗೆ ಬೂಷ್ಟಿನ ಎಳೆಗಳು ಹಬ್ಬಿ, ಗಾಜಿನ ಲೇಪವನ್ನೇ ತಿನ್ನುತ್ತವೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಟ್ಟು, ಅದು ಬಣ್ಣ ಬದಲಿಸಿದಾಗ ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬಹುದು. ಮನೆಗೆ ಬಂದೊಡನೆ ಬ್ಯಾಟರಿ, ಕಾರ್ಡು ತೆಗೆದು ಫ್ಯಾನಿನ ಗಾಳಿಗೆ ಇಡುವುದೂ ವಾಡಿಕೆಯಾಗಬೇಕು. ಒದ್ದೆಯಾದ ಕ್ಯಾಮೆರಾವನ್ನು ಅಕ್ಕಿಯಲ್ಲಿ ಹೂಳುವುದರಿಂದ ಅಕ್ಕಿಹಿಟ್ಟು ಒಳಸೇರುವುದಷ್ಟೇ ಲಾಭ.

ಕ್ಯಾಮೆರಾಗಿಂತ ಜೀವ ದೊಡ್ಡದು. ತುಂಬಿದ ರಸ್ತೆಯಲ್ಲಿ ತೆರೆದ ಮೋರಿ ಎಲ್ಲಿದೆ, ನೆಲಕ್ಕೆ ಬಿದ್ದ ವಿದ್ಯುತ್ ತಂತಿ ಎಲ್ಲಿದೆ ಎಂದು ನೀರು ಹೇಳುವುದಿಲ್ಲ. 2023ರ ಮೇ ತಿಂಗಳ ಒಂದು ಮಳೆಯಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ನೀರಿಗೆ ಸಿಕ್ಕ ಕಾರಿನಲ್ಲಿದ್ದ ಯುವತಿ ಸತ್ತದ್ದನ್ನು ಈ ಊರು ಮರೆಯಬಾರದು. ಅಂಡರ್‌ಪಾಸು, ರಾಜಕಾಲುವೆಯ ಅಂಚು, ಗಾಳಿಗೆ ತೂಗುವ ಹಳೆಯ ಮರದ ಬುಡ, ಈ ಮೂರು ಕಡೆ ಚಿತ್ರದ ಆಸೆ ಬೇಡ.

ಸೂರಿನ ಲೆಕ್ಕ

ಮಳೆಯಲ್ಲಿ ಜನ ಎಚ್ಚರ ತಪ್ಪಿರುತ್ತಾರೆ. ಸೀರೆ ಅಂಟಿರುತ್ತದೆ, ಕಾಲು ಜಾರುತ್ತದೆ, ಕೊಡೆ ತಿರುಗಿ ಮುಖ ಕೆಂಪಾಗಿರುತ್ತದೆ. ಕ್ಯಾಮೆರಾ ಸುಮ್ಮನಿರಬೇಕಾದ ಗಳಿಗೆಗಳಿವು. ಜಾರಿ ಬಿದ್ದವರ ಚಿತ್ರ ತೆಗೆಯುವುದಕ್ಕಿಂತ ಕೈಕೊಟ್ಟು ಎಬ್ಬಿಸುವುದು ಮೊದಲು. ನೆನೆದ ಹೆಂಗಸರ ಚಿತ್ರ ಅವರ ಒಪ್ಪಿಗೆಯಿಲ್ಲದೆ ತೆಗೆಯುವುದು ಬೀದಿ ಛಾಯಾಗ್ರಹಣ ಅಲ್ಲವೇ ಅಲ್ಲ. ನೀರು ನುಗ್ಗಿದ ಮನೆಯ ಮುಂದೆ ಪಾತ್ರೆ ಹೊರಗಿಡುತ್ತಿರುವವರ ಪ್ರತಿಬಿಂಬ ಎಷ್ಟೇ ಚೆಂದ ಬಿದ್ದಿದ್ದರೂ, ಆ ಚೆಂದ ಯಾರ ಖರ್ಚಿನದು ಎಂದು ಕೇಳಿಕೊಳ್ಳಬೇಕು.

ಒಂದು ಮಳೆಗಾಲವಿಡೀ ಹೀಗೆ ಚಿತ್ರ ತೆಗೆದವರು ಕೊನೆಗೆ ಅವನ್ನೆಲ್ಲ ಒಟ್ಟಿಗೆ ಹರಡಿ ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ಜನ ಗುಂಪಾಗಿ ನಿಂತ ಚಿತ್ರಗಳೆಲ್ಲ ಹಳೆಯ ಬೀದಿಗಳವು. ಪೇಟೆಯ ಅಂಗಡಿಗಳಿಗೆ ಮುಂಚಾಚಿದ ಸೂರಿದೆ, ಬಸವನಗುಡಿಯ ಹಳೆಯ ಕಟ್ಟಡಗಳಿಗೆ ಜಗಲಿಯಿದೆ. ಅಲ್ಲಿ ಯಾರು ಬೇಕಾದರೂ ಕೇಳದೆ ನಿಲ್ಲಬಹುದು. ಹೊಸ ರಸ್ತೆಗಳ ಗಾಜಿನ ಕಟ್ಟಡಗಳು ಕಾಂಪೌಂಡಿನ ಹಿಂದೆ ಸರಿದು ಕೂತಿವೆ. ಅವುಗಳ ಗೋಡೆ ನೇರ ಕೆಳಗಿಳಿಯುತ್ತದೆ, ಗೇಟಿನಲ್ಲಿ ಸೆಕ್ಯೂರಿಟಿಯವರಿಗೆ ಮಾತ್ರ ಒಂದು ಗೂಡು. ಅಂಥ ರಸ್ತೆಯಲ್ಲಿ ಮಳೆ ಬಂದರೆ ನಡೆಯುವವರು ನಡೆಯುತ್ತಲೇ ನೆನೆಯಬೇಕು. ಚಿತ್ರದಲ್ಲಿ ಅಲ್ಲಿ ಕಾಣುವುದು ಕಾರಿನ ಕೆಂಪು ದೀಪಗಳ ಸಾಲು ಮಾತ್ರ. ಎರಡನ್ನೂ ಅಕ್ಕಪಕ್ಕ ಇಟ್ಟರೆ, ಕಾರಿಲ್ಲದವರಿಗೆ ಈ ಊರು ಎಲ್ಲಿ ಜಾಗ ಬಿಟ್ಟಿದೆ, ಎಲ್ಲಿ ಬಿಟ್ಟಿಲ್ಲ ಎಂಬ ಲೆಕ್ಕ ಕಣ್ಣಿಗೆ ಕಾಣುತ್ತದೆ.

ಫುಟ್‌ಪಾತಿನ ಅಗಲ, ಬಸ್ ಶೆಲ್ಟರಿನ ಉದ್ದ, ಕಟ್ಟಡದ ಮುಂದಿನ ಸೂರು, ಇವೆಲ್ಲ ನಕ್ಷೆ ಬರೆಯುವ ಮೇಜಿನ ಮೇಲೆ ತೀರ್ಮಾನವಾಗುತ್ತವೆ, ಬಹುಮಟ್ಟಿಗೆ ಬಿಸಿಲಿನ ದಿನಗಳಲ್ಲಿ. ಜೇಬುಕ್ಯಾಮೆರಾ ಹಿಡಿದು ಮಳೆಯಲ್ಲಿ ತಿರುಗಿದವರ ಬಳಿ ಅದರ ಫಲಿತಾಂಶ ಇರುತ್ತದೆ. ತೆಗೆದ ಚಿತ್ರಗಳಿಗೆ ಜಾಗದ ಹೆಸರು, ದಿನ, ಹೊತ್ತು ಬರೆದಿಡುವ ರೂಢಿ ಒಂದಿದ್ದರೆ ಅವು ಚೆಂದದ ಚಿತ್ರಗಳಾಗಿ ಉಳಿಯುವುದಷ್ಟೇ ಅಲ್ಲ, ವಾರ್ಡ್ ಸಭೆಯಲ್ಲಿ ಮೇಜಿನ ಮೇಲಿಡಬಹುದಾದ ಸಾಕ್ಷಿಯೂ ಆಗುತ್ತವೆ. ಚಿತ್ರದಲ್ಲಿದ್ದವರಿಗೆ ಒಂದೊಂದು ಪ್ರಿಂಟ್ ಒಯ್ದು ಕೊಟ್ಟರೆ ಮುಂದಿನ ಮಳೆಗೆ ಆ ಸೂರಿನ ಕೆಳಗೆ ನಿಮಗೂ ಒಂದು ಜಾಗ ಇದ್ದೇ ಇರುತ್ತದೆ.